ಕಿಡಿ ಉದುರುವ ದಾರಿಯಲ್ಲಿ ಪೆಟ್ರೋಲು

ಬೆಟ್ಟದ ಆಚೆ ಮಗ್ಗುಲಿಗೆ ಬೆಂಕಿ ಬಿದ್ದ ದಿನ ಬೆಳಿಗ್ಗೆಯೇ ನಮ್ಮ ಹಳ್ಳಿ ಪೆಫ್ಕಿನೊದಲ್ಲಿ ಕರೆಂಟು ಹೋಯಿತು. ಪೈನ್ ಕಾಡಿನೊಳಗಿನ ಕಂಬಗಳು ಸುಟ್ಟು ಉರುಳಿದ್ದವು. ಕರೆಂಟಿಲ್ಲದೆ ಚೌಕದ ಬಾವಿಯ ಪಂಪು ತಿರುಗುವುದಿಲ್ಲ, ಪಂಪು ತಿರುಗದಿದ್ದರೆ ಊರಿಗೆ ನೀರಿಲ್ಲ. ಚರ್ಚಿನ ಜನರೇಟರನ್ನು ಎಳೆದು ತಂದು ಜೋಡಿಸಿದೆವು. ಮಧ್ಯಾಹ್ನದ ಹೊತ್ತಿಗೆ ಅದು ಇದ್ದ ಪೆಟ್ರೋಲನ್ನೆಲ್ಲ ಕುಡಿದು ಕೆಮ್ಮತೊಡಗಿತು.

ಸ್ತಮಾತಿಯಾ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮನೆಮನೆಯಿಂದ ಕ್ಯಾನು ಒಟ್ಟುಮಾಡಿ ತನ್ನ ಹಳೆಯ ಪಿಕಪ್ಪಿಗೆ ಹಾಕಿಕೊಂಡು ಕಡಲ ದಂಡೆಯ ಪೇಟೆಗೆ ಇಳಿದಳು. ಗಂಡ ಹಡಗಿನಲ್ಲಿ ಕೆಲಸಕ್ಕಿದ್ದ. ಜೇನುಪೆಟ್ಟಿಗೆ ಹೇರಿಕೊಂಡು ಆ ಬೆಟ್ಟವನ್ನೆಲ್ಲ ಒಬ್ಬಳೇ ಸುತ್ತಿ ರೂಢಿಯಿದ್ದ ಹೆಂಗಸು ಅವಳು.

ಕ್ಯಾನು ತುಂಬಿಸಿಕೊಂಡು, ಮೇಲೆ ಒದ್ದೆ ಕಂಬಳಿ, ಗೋಣಿ ಹೊದೆಸಿ ವಾಪಸು ಬಂದರೆ ಬೆಟ್ಟದ ಬುಡದಲ್ಲಿ ಪೊಲೀಸಿನವನು ದಾರಿಗೆ ಅಡ್ಡ ನಿಂತಿದ್ದ.

"ಮೇಲೆ ಬಿಡಲ್ಲ ತಾಯಿ. ಅದೂ ಹಿಂದೆ ಪೆಟ್ರೋಲ್ ಇಟ್ಕೊಂಡು ಬೆಂಕಿಗೆ ಹೊರಟಿದೀರಲ್ಲ, ತಲೆ ಸರಿ ಇದ್ಯಾ?"

"ಮೇಲೆ ನಡೆಯಕ್ಕಾಗದ ಮುದುಕೀರಿದಾರೆ. ನೀನು ನೀರು ಕಳಿಸ್ತೀಯಾ?"

ಅವನು ಹೊಗೆಗೆ ಕೆಂಪಾಗಿದ್ದ ಕಣ್ಣು ಒರೆಸಿಕೊಂಡ, ದಾರಿ ಮಾತ್ರ ಬಿಡಲಿಲ್ಲ. ಅವಳು ಗಾಡಿ ಹಿಂದಕ್ಕೆ ತೆಗೆದಳು. ಅವನ ಕಣ್ಣಿಗೆ ಮರೆಯಾದೊಡನೆ, ಪೈನ್ ಅಂಟು ತೆಗೆಯುವವರ ಮಣ್ಣುದಾರಿಗೆ ತಿರುಗಿಸಿದಳು.

ಅರ್ಧ ಬೆಟ್ಟ ಏರಿದ ಮೇಲೆ ಒಂದು ತಿರುವಿನಲ್ಲಿ ಯೊರ್ದಾನಿ ಸ್ಕೂಟರು ತಳ್ಳಿಕೊಂಡು ಇಳಿಯುತ್ತಿದ್ದ. ಅವಳ ಮೈದುನ. ಮಾವನ ಆಲಿವ್ ತೋಟ ಪಾಲಾದಂದಿನಿಂದ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ. ಅತ್ತಿಗೆ ಇನ್ನೂ ಬರಲಿಲ್ಲವೆಂದು ಹುಡುಕಿಕೊಂಡು ಹೊರಟವನು, ಟ್ಯಾಂಕು ಬರಿದಾಗಿ ತಳ್ಳತೊಡಗಿದ್ದ.

"ಪೆಟ್ರೋಲ್ ತರೋಕೆ ಹೋದವಳನ್ನ ಹುಡುಕೋಕೆ ಪೆಟ್ರೋಲಿಲ್ಲದ ಸ್ಕೂಟರಲ್ಲಿ ಬಂದ್ಯಾ?" ಎಂದಳು ಅವಳು.

"ಬೈಯೋದು ಆಮೇಲೆ ಇಟ್ಕೊಳಿ ಅತ್ತಿಗೆ. ಮೇಲೆ ಜನರೇಟರ್ ನಿಂತೋಯ್ತು."

ಇಬ್ಬರೂ ಸೇರಿ ಸ್ಕೂಟರನ್ನು ಪಿಕಪ್ಪಿಗೆ ಎತ್ತಿ ಹಾಕಿದರು. ಗಾಳಿಯ ದಿಕ್ಕು ಬದಲಾದದ್ದು ಆಗಲೇ. ಹೊಗೆ ದಾರಿಗೆ ಇಳಿಯಿತು, ಹಟ್ಟಹಗಲೇ ಕತ್ತಲಾಯಿತು. ಮೊದಲು ಬೂದಿ, ಆಮೇಲೆ ಕಿಡಿ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಕಂಬಳಿಯ ಮೇಲೆ ಕೆಂಪು ಚುಕ್ಕಿಗಳು ಬಂದು ಕೂರುತ್ತಿದ್ದವು. ಯೊರ್ದಾನಿ ಬಾಗಿಲು ತೆಗೆದು, ಗಾಡಿ ಓಡುತ್ತಿರುವಂತೆಯೇ ಹಿಂದಕ್ಕೆ ದಾಟಿ, ಕ್ಯಾನುಗಳ ಮೇಲೆ ಮೊಣಕಾಲೂರಿ ಒದ್ದೆ ಗೋಣಿಯಿಂದ ಕಿಡಿ ಬಡಿಯತೊಡಗಿದ. ಸ್ತಮಾತಿಯಾ ಒಂದೇ ಸಮನೆ ಅವನ ಹೆಸರು ಕೂಗುತ್ತಿದ್ದಳು. ಅವನು ಓಗೊಡುವವರೆಗೆ ಅವಳಿಗೆ ಉಸಿರು ಬರುತ್ತಿರಲಿಲ್ಲ.

ಊರು ಇನ್ನೇನು ಬಂತು ಅನ್ನುವಾಗ ದಾರಿಗೆ ಅಡ್ಡಲಾಗಿ ಪೈನ್ ಮರವೊಂದು ಬಿದ್ದಿತ್ತು. ಅದರ ತುದಿ ಉರಿಯುತ್ತಿತ್ತು. ತಿರುಗಿಸಲು ಜಾಗವಿಲ್ಲ.

"ಸ್ಕೂಟರ್ ಇಳಿಸಿ," ಎಂದ ಯೊರ್ದಾನಿ. "ಬುಡದ ಹತ್ರ ಸಂದಿ ಇದೆ, ನುಗ್ಗುತ್ತೆ."

"ಕುಡಿಯೋಕೆ ಏನು ಹಾಕ್ತೀಯ ಅದಕ್ಕೆ, ಉಗುಳಾ?"

"ಇಷ್ಟು ಕ್ಯಾನಿಟ್ಕೊಂಡು ಕೇಳ್ತಿದೀರಾ?"

"ಈ ಕಿಡೀಲಿ ಮುಚ್ಚಳ ತೆಗೀತೀಯಾ?"

ಅವನು ಸ್ಕೂಟರನ್ನು ಕೆಳಗಿಳಿಸಿದ. ಅವಳು ಒಂದು ಕ್ಯಾನು ಎಳೆದುಕೊಂಡಳು. ನೀರಿನ ಬಾಟಲಿಯ ಕತ್ತು ಕೊಯ್ದು ಆಲಿಕೆ ಮಾಡಿದಳು. ಒದ್ದೆ ಕಂಬಳಿಯನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡು ಸ್ಕೂಟರಿನ ಮೇಲೆ ಗುಡಾರದಂತೆ ಬಾಗಿದಳು. ಆ ಕತ್ತಲಲ್ಲಿ ಪೆಟ್ರೋಲು ಗುಳುಗುಳು ಇಳಿಯುವ ಸದ್ದು, ಕಣ್ಣುರಿಸುವ ವಾಸನೆ, ಬೆನ್ನ ಮೇಲೆ ಚುರ್ರೆಂದು ಕಿಡಿ ಆರುವ ಸದ್ದು. ಕ್ಯಾನು ಬಗ್ಗಿಸಿದವನು ಯೊರ್ದಾನಿ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. ಮುಚ್ಚಳ ಬಿಗಿಯುವ ತನಕ ಬಿಡಲಿಲ್ಲ.

ಉಳಿದ ಕ್ಯಾನುಗಳನ್ನು ಗಾಡಿಯಿಂದ ದೂರ, ಬಂಡೆಗಳ ನಡುವಿನ ಒಣ ಹಳ್ಳಕ್ಕೆ ಹೊತ್ತು ಹಾಕಿದರು. ಒಂದನ್ನು ಮಾತ್ರ ಸ್ತಮಾತಿಯಾ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಳು.

"ನನ್ನ ಸೊಂಟ ಹಿಡ್ಕೊಳಿ, ಬೀಳ್ತೀರ."

"ನಿನ್ನ ಹಿಡ್ಕೊಂಡ್ರೆ ಇದನ್ನ ನಿಮ್ಮಜ್ಜಿ ಹಿಡ್ಕೊತಾಳಾ? ನಡಿ."

ನಾವು ಚೌಕದಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದೆವು. ನಡೆಯಲಾರದ ಮುದುಕಿಯರನ್ನು ಕಾಫಿ ಅಂಗಡಿಯೊಳಗೆ ಕೂರಿಸಿದ್ದೆವು. ಮೇಲಿನ ಕೇರಿಯ ಹಿಂದೆ ಲಾರಿಗಳು ಸಾಲಾಗಿ ಬಂದಂತೆ ಬೆಂಕಿ ಮೊರೆಯುತ್ತಿತ್ತು. ಆ ಸದ್ದಿನ ನಡುವೆ ಸ್ಕೂಟರಿನ ಸದ್ದು ಕೇಳಿಸಿದಾಗ ನಾನು ನಂಬಲಿಲ್ಲ. ಇಬ್ಬರೂ ಮಸಿಬೊಂಬೆಗಳಂತಿದ್ದರು. ಪಾದ್ರಿಯೇ ಕ್ಯಾನು ಇಸಿದುಕೊಂಡು ಜನರೇಟರಿಗೆ ಹೊಯ್ದರು. ಹಗ್ಗ ಎಳೆದೆವು. ಹಿಡಿಯಲಿಲ್ಲ. ಇನ್ನೊಮ್ಮೆ ಎಳೆದೆವು. ಗೊರಗೊರ ಎಂದು ಸುಮ್ಮನಾಯಿತು. ಸ್ತಮಾತಿಯಾ ನಮ್ಮನ್ನು ಪಕ್ಕಕ್ಕೆ ತಳ್ಳಿ, ಕಾಲೂರಿ, ಮೈಯೆಲ್ಲ ಹಾಕಿ ಜಗ್ಗಿದಳು. ಹಿಡಿಯಿತು. ಪೈಪಿನ ತುದಿಯಲ್ಲಿ ಮೊದಲು ಗಾಳಿ ಸೀನಿತು, ಆಮೇಲೆ ನೀರು ಬಂತು.

ಪೈಪನ್ನು ಹಿಡಿದವನು ಯೊರ್ದಾನಿ. ಅಂಗಡಿಯ ಮಾಡು, ಅದರ ಮುಂದಿನ ಚಪ್ಪರ, ಪಕ್ಕದ ಕಟ್ಟಿಗೆ ರಾಶಿ, ಎಲ್ಲಿ ಕಿಡಿ ಬಿದ್ದರೂ ಅಲ್ಲಿಗೆ ನೀರು ತಿರುಗಿಸುತ್ತಿದ್ದ. ಅವನ ಮನೆ ಮೇಲಿನ ಕೇರಿಯ ತುದಿಯಲ್ಲಿತ್ತು. ಅದರ ಕಿಟಕಿಯ ಬಾಗಿಲು ಹೊತ್ತಿಕೊಂಡದ್ದನ್ನು ನಾವೆಲ್ಲ ನೋಡಿದೆವು. ಅವನೂ ನೋಡಿದ.

"ಎಳ್ಕೊಂಡು ಹೋಗು ಯೊರ್ದಾನಿ," ಎಂದಳು ಸ್ತಮಾತಿಯಾ. "ಪೈಪ್ ಎಲ್ಲೀವರೆಗೆ ಬರುತ್ತೋ ನೋಡೋಣ."

"ಒಳಗಿರೋ ಮುದುಕೀರ ತಲೆ ಮೇಲೆ ಬೀಳೋದನ್ನ ಯಾರು ನೋಡ್ತಾರೆ?" ಎಂದ ಅವನು. ಮನೆಯ ಕಡೆಗೆ ಬೆನ್ನು ಮಾಡಿ ನಿಂತ. ಆ ಮನೆಯ ಹೆಂಚು ಪಟಪಟನೆ ಸಿಡಿಯುವುದು ಕೇಳಿಸುತ್ತಿತ್ತು. ಅವನ ಹೆಗಲು ಮಾತ್ರ ಒಂದೊಂದು ಸದ್ದಿಗೂ ಹೊಡೆತ ತಿಂದವನಂತೆ ಅದುರುತ್ತಿತ್ತು.

ಸಂಜೆಗೆ ಗಾಳಿ ಕಡಲಿನತ್ತ ಹೊರಳಿತು. ಮೇಲಿನ ಕೇರಿ ಹೋಯಿತು. ಚೌಕ ಉಳಿಯಿತು, ಚರ್ಚು ಉಳಿಯಿತು, ಅಂಗಡಿಯೊಳಗೆ ಕೂತಿದ್ದ ಒಬ್ಬರಿಗೂ ಏನೂ ಆಗಲಿಲ್ಲ. ಮರುದಿನ ಪಿಕಪ್ಪನ್ನು ನೋಡಲು ಹೋದೆವು. ಟೈರು ಕರಗಿ ಗಾಡಿ ರಿಮ್ಮಿನ ಮೇಲೆ ಕುಳಿತಿತ್ತು, ಬಣ್ಣ ಬೊಬ್ಬೆಯೆದ್ದಿತ್ತು.

ಯೊರ್ದಾನಿ ಸುಟ್ಟ ಮನೆಯ ಹೊಸ್ತಿಲಲ್ಲಿ ಬಹಳ ಹೊತ್ತು ಕೂತಿದ್ದ. ಸ್ತಮಾತಿಯಾ ರೊಟ್ಟಿ, ಚೀಸು, ಟೊಮೆಟೊ ಕಟ್ಟಿಕೊಂಡು ಬಂದು ಪಕ್ಕದಲ್ಲಿ ಕುಳಿತಳು.

"ನಮ್ಮನೆ ಮೇಲಿನ ಕೋಣೇಲಿ ಹಾಸಿಗೆ ಹಾಸಿದೀನಿ."

"ಅಣ್ಣ ಬಂದ್ಮೇಲೆ ಏನಂತಾನೋ."

"ಅವನು ಬಂದಾಗ ಅವನಿಗೂ ಒಂದು ಹಾಸಿಗೆ ಹಾಸಿದ್ರಾಯ್ತು. ತಿನ್ನು ಮೊದ್ಲು."

ಅವನು ರೊಟ್ಟಿ ಮುರಿದು ಅರ್ಧವನ್ನು ಅವಳಿಗೆ ಕೊಟ್ಟ.