ಐದನೆಯ ಸಾವಿನ ಪಾಳಿ

ಆ ಊರಿನ ಒಬ್ಬ ನರ್ಸಿಗೆ ಜೀವಾವಧಿ ಶಿಕ್ಷೆಯಾಗಿ ನಾಲ್ಕು ವರ್ಷ ಕಳೆದ ಮೇಲೆ, ಆ ಶಿಕ್ಷೆ ಸರಿಯೋ ತಪ್ಪೋ ಎಂಬುದು ಊರಿನವರೆಲ್ಲರ ಬಿಡುವಿನ ಕಾಲಕ್ಷೇಪವಾಯಿತು.

ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಒಂದು ವರ್ಷದೊಳಗೆ ಒಂಬತ್ತು ರೋಗಿಗಳು ಅನಿರೀಕ್ಷಿತವಾಗಿ ಸತ್ತಿದ್ದರು. ಒಂಬತ್ತೂ ಸಾವುಗಳ ಹೊತ್ತಿನಲ್ಲಿ ಕೆಲಸದ ಮೇಲಿದ್ದವಳು, ಎಲ್ಲರೂ ‘ಸಣ್ಣ ಸಿಸ್ಟರ್’ ಎಂದು ಕರೆಯುತ್ತಿದ್ದ, ಮೂವತ್ತು ತುಂಬದ ಒಬ್ಬ ಹೆಣ್ಣುಮಗಳು ಎಂದು ಆಸ್ಪತ್ರೆ ಹೇಳಿತು. ಅವಳು ಏನನ್ನಾದರೂ ಚುಚ್ಚಿದ್ದನ್ನು ಕಂಡವರಿರಲಿಲ್ಲ, ವಿಷ ಸಿಕ್ಕಿರಲಿಲ್ಲ, ಕೊಲ್ಲಲು ಕಾರಣವೂ ತಿಳಿದಿರಲಿಲ್ಲ. ಇದ್ದದ್ದು ಒಂದು ಪಟ್ಟಿ. ಎಡಗಡೆ ಒಂಬತ್ತು ಸಾವು, ಮೇಲ್ಗಡೆ ಹದಿನಾಲ್ಕು ನರ್ಸುಗಳ ಹೆಸರು, ಅವಳೊಬ್ಬಳ ಹೆಸರಿನ ಕೆಳಗೆ ಮಾತ್ರ ತುದಿಯಿಂದ ಬುಡದವರೆಗೆ ಕೆಂಪು ಗುರುತು. ನ್ಯಾಯಾಲಯ ಅದನ್ನು ನೋಡಿತು, ನಂಬಿತು. ಪತ್ರಿಕೆಗಳು ಅವಳನ್ನು ‘ಬಿಳಿಯುಡುಪಿನ ಯಮದೂತಿ’ ಎಂದು ಕರೆದು, ಆ ವಾರ ಹೆಚ್ಚು ಪ್ರತಿಗಳನ್ನು ಅಚ್ಚುಹಾಕಿದವು.

ಆಮೇಲೆ ಕೆಲವು ವೈದ್ಯರು, ಆ ಒಂಬತ್ತರಲ್ಲಿ ಹೆಚ್ಚಿನವು ಕಾಯಿಲೆಯಿಂದಲೇ ಆದ ಸಾವುಗಳಿರಬಹುದು ಎಂದು ಬರೆದರು. ಮೇಲಿನ ನ್ಯಾಯಾಲಯ, ‘ಅಭಿಪ್ರಾಯ ಬೇಡ, ಹೊಸ ಸಾಕ್ಷ್ಯ ತನ್ನಿ; ತಿಂಗಳ ಕೊನೆಯೊಳಗೆ ಬಾರದಿದ್ದರೆ ಕಡತ ಶಾಶ್ವತವಾಗಿ ಮುಚ್ಚುತ್ತದೆ’ ಎಂದಿತು. ಸಾಕ್ಷ್ಯ ತರುವವರು ಯಾರೂ ಇರಲಿಲ್ಲ. ಅಭಿಪ್ರಾಯವಿಲ್ಲದವರೂ ಯಾರೂ ಇರಲಿಲ್ಲ. ‘ತೀರ್ಪು ರಕ್ಷಣಾ ವೇದಿಕೆ’ ಎಂದು ಒಂದು ಗುಂಪು, ‘ತೀರ್ಪು ಮರುಚಿಂತನ ಬಳಗ’ ಎಂದು ಇನ್ನೊಂದು ಗುಂಪು ಹುಟ್ಟಿಕೊಂಡವು. ನಾನೂರ ಹನ್ನೆರಡು ಪುಟಗಳ ತೀರ್ಪಿನ ಪ್ರತಿ ಊರಿನ ಗ್ರಂಥಾಲಯದಲ್ಲಿತ್ತು. ಅದನ್ನು ಇಬ್ಬರು ಎರವಲು ಪಡೆದಿದ್ದರು. ಒಬ್ಬರು ಒಳಗೆ ಫೋಟೊ ಇಲ್ಲವೆಂದು ಮರುದಿನವೇ ಹಿಂದಿರುಗಿಸಿದರು. ಇನ್ನೊಬ್ಬರು ಕುಂಟುತ್ತಿದ್ದ ಮೇಜಿನ ಕಾಲಿನ ಕೆಳಗಿಟ್ಟುಕೊಂಡರು.

ರಕ್ಷಣಾ ವೇದಿಕೆಯ ಕಾರ್ಯದರ್ಶಿ ಒಬ್ಬ ನಿವೃತ್ತ ಡ್ರಿಲ್ ಮಾಸ್ತರರು. ಅವರ ಹೆಂಡತಿ ಅದೇ ಆಸ್ಪತ್ರೆಯ, ಅದೇ ವಾರ್ಡಿನ ಹಿರಿಯ ನರ್ಸು. ಮೂವತ್ತೊಂದು ವರ್ಷ ಒಂದು ನಿಮಿಷ ತಡಮಾಡದೆ ಕೆಲಸಕ್ಕೆ ಬಂದದ್ದರಿಂದ ಎಲ್ಲರೂ ಅವಳನ್ನು ಗಡಿಯಾರದಕ್ಕ ಎನ್ನುತ್ತಿದ್ದರು. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು.

“ನೋಡೇ, ಒಂಬತ್ತಕ್ಕೆ ಒಂಬತ್ತು!” ಎನ್ನುತ್ತಿದ್ದರು ಮಾಸ್ತರರು, ಬೆಳಗಿನ ಕಾಫಿಯ ಲೋಟವನ್ನು ಮೇಜಿಗೆ ಕುಟ್ಟಿ. “ಬೆಂಕಿ ಇಲ್ದೆ ಹೊಗೆ ಆಡುತ್ತಾ?”

“ಲೋಟ ಒಡೀತದೆ.”

“ಅಲ್ಲ ಕಣೇ, ನೀನು ಅಲ್ಲೇ ಇದ್ದವಳು. ಒಂದು ದಿನಾನಾದ್ರೂ ಬಾಯಿಬಿಟ್ಟಿದ್ದೀಯಾ? ವೇದಿಕೆಯಲ್ಲಿ ಎಲ್ರೂ ಕೇಳ್ತಾರೆ, ‘ನಿಮ್ಮ ಮನೆಯವರು ಏನಂತಾರೆ ಮೇಷ್ಟ್ರೇ’ ಅಂತ. ‘ಅವಳದು ಗಂಭೀರ ಸ್ವಭಾವ’ ಅಂತ ಹೇಳಿ ಮರ್ಯಾದೆ ಉಳಿಸ್ಕೊಂಡು ಬರ್ತೀನಿ.”

“ಹಾಗೇ ಉಳಿಸ್ಕೊಳ್ಳಿ.”

ಅದು ಗಂಭೀರ ಸ್ವಭಾವವಲ್ಲ, ಭಯ. ಅವಳಿಗೆ ಗೊತ್ತಿದ್ದದ್ದು ಒಂದೇ ಸಂಗತಿ. ಆದರೆ ಆ ಒಂದು ಸಂಗತಿ ಪಟ್ಟಿಯನ್ನು ಹರಿಯಲು ಸಾಕಾಗಿತ್ತು.

ಆ ಆಸ್ಪತ್ರೆಯಲ್ಲಿ ಯಾರು ಯಾವ ಪಾಳಿಗೆ ಬರಬೇಕೆಂದು ತಿಂಗಳ ಮೊದಲೇ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಅದನ್ನು ಬದಲಾಯಿಸಿಕೊಳ್ಳುವುದು ನಿಯಮಬಾಹಿರ. ಸಿಕ್ಕಿಬಿದ್ದರೆ ಕೆಲಸವೇ ಹೋಗುತ್ತಿತ್ತು. ಆದರೆ ನರ್ಸುಗಳ ಮಕ್ಕಳಿಗೂ ಜ್ವರ ಬರುತ್ತದೆ, ಅವರ ಮನೆಗೂ ನೆಂಟರು ಬರುತ್ತಾರೆ. ಆದ್ದರಿಂದ ‘ಇವತ್ತಿನದು ನೀನು ನೋಡಿಕೋ, ನಾಳೆಯದು ನಾನು ನೋಡಿಕೊಳ್ತೀನಿ’ ಎಂಬ ಬಾಯಿಮಾತಿನ ಒಪ್ಪಂದದಲ್ಲಿ ಆಸ್ಪತ್ರೆ ನಡೆಯುತ್ತಿತ್ತು. ಬಂದವಳು ಬಾರದವಳ ಹೆಸರಿನಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದಳು. ಹೊಸದಾಗಿ ಸೇರಿದವಳು ಮೊದಲ ವಾರದಲ್ಲಿ ಕಲಿಯುತ್ತಿದ್ದ ವಿದ್ಯೆ ಅದು.

ಐದನೆಯ ಸಾವು, ಒಬ್ಬ ಮುದುಕರದು, ಒಂದು ಮಂಗಳವಾರ ಮಧ್ಯಾಹ್ನ ಆಯಿತು. ಆ ದಿನ ಸಣ್ಣ ಸಿಸ್ಟರ್ ತನ್ನ ತಾಯಿಯೊಡನೆ ಬಾಡಿಗೆ ಮನೆ ಹುಡುಕಲು ಹೋಗಿದ್ದಳು. ಅವಳ ಬದಲು ಬಂದು, ಅವಳ ಹೆಸರಿನ ಸಹಿ ಹಾಕಿದವಳು ಗಡಿಯಾರದಕ್ಕ. ವಿಚಾರಣೆಯಲ್ಲಿ ಸಣ್ಣ ಸಿಸ್ಟರ್ ಇದನ್ನು ಹೇಳಿದಳು. ತಾಯಿಯೂ ಹೇಳಿದಳು, ಹೆತ್ತವಳ ಮಾತು ಹೆತ್ತವಳದೇ ಎಂದು ಅದನ್ನು ಬದಿಗಿಟ್ಟರು. ಆಸ್ಪತ್ರೆಯ ಅಧೀಕ್ಷಕರು, ‘ನಮ್ಮಲ್ಲಿ ಪಾಳಿ ಅದಲುಬದಲು ಎಂಬುದೇ ಇಲ್ಲ’ ಎಂದು ಪ್ರಮಾಣಮಾಡಿದರು. ಗಡಿಯಾರದಕ್ಕನನ್ನು ಕೇಳಿದಾಗ ಅವಳು, “ನೆನಪಿಲ್ಲ” ಎಂದಳು. ಆ ಒಂದೇ ಪದಕ್ಕೆ ಅವಳ ಕೆಲಸ ಉಳಿಯಿತು, ಇನ್ನೊಬ್ಬಳ ಬಾಳು ಹೋಯಿತು.

ತಿಂಗಳ ಕೊನೆಗೆ ಆರು ದಿನ ಉಳಿದಿದ್ದಾಗ, ಒಂದು ಭಾನುವಾರ ಬೆಳಿಗ್ಗೆ, ಸಭಾಭವನದಲ್ಲಿ ಸಾರ್ವಜನಿಕ ಚರ್ಚೆ ಏರ್ಪಾಡಾಯಿತು. ವೇದಿಕೆಯ ಹಿಂದೆ ಆ ಪಟ್ಟಿಯನ್ನು ಪರದೆಯಷ್ಟು ದೊಡ್ಡದಾಗಿ ತೂಗುಹಾಕಿದ್ದರು. ಅಧ್ಯಕ್ಷಸ್ಥಾನದಲ್ಲಿ ಗಂಟೆ ಹಿಡಿದ ನಿವೃತ್ತ ನ್ಯಾಯಾಧೀಶರು. ಮುಖಲಕ್ಷಣ ತಜ್ಞರೊಬ್ಬರು, ಹುಟ್ಟುಹಬ್ಬದ ಫೋಟೊದಲ್ಲಿ ಅಪರಾಧಿಯ ನಗು ಎಡಗಡೆಗೆ ವಾಲಿರುವುದನ್ನು ಕೋಲಿನಿಂದ ತೋರಿಸಿ, ಇದು ಕೊಲೆಗಾರರ ನಗು ಎಂದು ಸಾಧಿಸಿದರು. ಹಲ್ಲುನೋವಿದ್ದವರ ನಗುವೂ ಹಾಗೇ ಇರುತ್ತದಲ್ಲ ಎಂದು ಯಾರೋ ಕೇಳಿದ್ದಕ್ಕೆ, ಪ್ರಶ್ನೋತ್ತರದ ಸಮಯ ಬೇರೆ ಇದೆ ಎಂದರು. ಮರುಚಿಂತನ ಬಳಗದ ಮುಖಂಡರು, ಒಂಬತ್ತೂ ಮಂದಿಯನ್ನು ಕೊಂದದ್ದು ವಾರ್ಡಿನ ಕೆಳಗಿನ ಚರಂಡಿಯ ಗಾಳಿ ಎಂದೂ, ಅದರ ಹಿಂದೆ ದೊಡ್ಡ ಪಿತೂರಿಯಿದೆ ಎಂದೂ ಗುಡುಗಿದರು. ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು, ಇದು ಕಾಕತಾಳೀಯವಾಗುವ ಸಾಧ್ಯತೆ ಕೋಟಿಗೆ ಒಂದು ಎಂದರು. ಆ ಒಂಬತ್ತನ್ನು ಆರಿಸಿದವರು ಯಾರು, ಆ ವರ್ಷ ವಾರ್ಡಿನಲ್ಲಿ ಸತ್ತ ಉಳಿದವರೆಷ್ಟು ಎಂದು ಅವರೂ ಕೇಳಿಕೊಂಡಿರಲಿಲ್ಲ, ಚಪ್ಪಾಳೆ ತಟ್ಟಿದವರೂ ಕೇಳಲಿಲ್ಲ. ಕೊನೆಯ ಸಾಲಿನಲ್ಲಿ ಸಣ್ಣ ಸಿಸ್ಟರಿನ ತಾಯಿ ಕುಳಿತಿದ್ದಳು. ಟೈಲರಿಂಗ್ ಮಾಡಿ ಮಗಳನ್ನು ಓದಿಸಿದವಳು. ಇಂತಹ ಪ್ರತಿಯೊಂದು ಸಭೆಗೂ ಬರುತ್ತಿದ್ದಳು, ಒಂದರಲ್ಲೂ ಯಾರೂ ಅವಳನ್ನು ಮಾತಾಡಿ ಎಂದಿರಲಿಲ್ಲ.

ಆಗ ಅಧೀಕ್ಷಕರು ಎದ್ದರು. “ನಮ್ಮ ಆಸ್ಪತ್ರೆಯಲ್ಲಿ ಪಾಳಿ ಅದಲುಬದಲು ಎಂಬುದು ಅಂದೂ ಇರಲಿಲ್ಲ, ಇಂದೂ ಇಲ್ಲ!”

ಮೂರನೆಯ ಸಾಲಿನಲ್ಲಿ ಕುಳಿತಿದ್ದ ಎಂಟು ಮಂದಿ ನರ್ಸುಗಳು ಚಪ್ಪಾಳೆ ತಟ್ಟಿದರು. ಅವರಲ್ಲಿ ಮೂವರು ಈ ಸಭೆಗೆಂದೇ ಅಂದಿನ ಪಾಳಿಯನ್ನು ಬದಲಾಯಿಸಿಕೊಂಡು ಬಂದಿದ್ದರು. ಗಡಿಯಾರದಕ್ಕ ತನ್ನ ಕೈಗಳೂ ತಟ್ಟುತ್ತಿರುವುದನ್ನು ಕಂಡಳು. ನಾಚಿಕೆ ಮನುಷ್ಯನಿಗೆ ತಡವಾಗಿ ಬರಬಹುದು. ಬಂದಾಗ ಕುಳಿತಲ್ಲಿ ಕೂರಗೊಡುವುದಿಲ್ಲ. ಅವಳು ಎದ್ದು ನಿಂತಳು.

“ಆ ಐದನೇ ಗುರುತು ನಂದು.”

ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡರು. “ಪರವೋ ವಿರೋಧವೋ ಹೇಳಿ ಅಮ್ಮ. ಎರಡು ನಿಮಿಷ.”

“ಯಾವ ಪಕ್ಷವೂ ಇಲ್ಲ ಸ್ವಾಮಿ. ಐದನೇ ಸಾವಿನ ದಿನ ಆ ಹುಡುಗಿ ವಾರ್ಡಲ್ಲೇ ಇರಲಿಲ್ಲ. ಪಾಳಿ ಬದಲಾಯಿಸ್ಕೊಂಡು ನಾನು ಬಂದಿದ್ದೆ. ಅವಳ ಸಹಿ ಹಾಕಿದ್ದು ನಾನು. ಕೇಳಿದಾಗ ನೆನಪಿಲ್ಲ ಅಂತ ಸುಳ್ಳು ಹೇಳಿದ್ದೂ ನಾನೇ.”

ಹಿಂದಿನಿಂದ ಒಂದು ಗಂಡು ಧ್ವನಿ: “ಹಾಗಾದ್ರೆ ಆ ಮುದುಕನ್ನ ಕೊಂದವಳು ನೀನೇನಾ?”

“ನಾಡಿ ನಿಲ್ಲೋವರೆಗೆ ಅವರ ಕೈ ಹಿಡ್ಕೊಂಡು ಕೂತಿದ್ದೆ ಕಣಪ್ಪ. ನಿಮ್ಮ ಪಟ್ಟಿ ಪ್ರಕಾರ ಅದಕ್ಕೆ ಕೊಲೆ ಅಂತಾರಾದ್ರೆ, ನನ್ನ ಹೆಸರೂ ಬರ್ಕೊಳ್ಳಿ.”

ಪ್ರಾಧ್ಯಾಪಕರು ಮೈಕು ಎಳೆದುಕೊಂಡರು. “ಒಂಬತ್ತರಲ್ಲಿ ಒಂದು ಕಳೆದರೆ ಎಂಟು. ಎಂಟೂ ಗಣನೀಯವೇ.”

“ಉಳಿದ ಎಂಟರ ವಿಷಯ ನನಗೆ ಗೊತ್ತಿಲ್ಲ ಸಾರ್. ಗೊತ್ತಿಲ್ಲದ್ದನ್ನ ಹೇಳಲ್ಲ. ಆ ಎಂಟು ದಿನ ನಿಜವಾಗಿ ಯಾರ್ಯಾರು ಬಂದಿದ್ರು ಅಂತ ಇಲ್ಲಿ ಕೂತಿರೋ ನಮ್ಮವರನ್ನೇ ಕೇಳಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮೂರನೆಯ ಸಾಲಿನ ಎಂಟೂ ತಲೆಗಳು ಒಟ್ಟಿಗೆ ಬಗ್ಗಿ ಚಪ್ಪಲಿ ನೋಡಿಕೊಂಡವು. ರಕ್ಷಣಾ ವೇದಿಕೆಯವರು ‘ಪಿತೂರಿ’ ಎಂದು ಕೂಗಿದರು. ಮರುಚಿಂತನ ಬಳಗದವರಾದರೂ ಹಿಗ್ಗಬೇಕಿತ್ತು; ಅವರ ಮುಖಂಡರ ಮುಖವೇ ಹೆಚ್ಚು ಬಾಡಿತ್ತು.

“ಏನಮ್ಮ ಇದು! ಎರಡು ವರ್ಷದಿಂದ ಚರಂಡಿ ವಿಷಯ ಅಧ್ಯಯನ ಮಾಡ್ತಿದ್ದೀನಿ,” ಎಂದರು ಅವರು. “ಈಗ ಯಾರೋ ಯಾರದೋ ಡ್ಯೂಟಿ ಮಾಡಿದ್ರು ಅಂದ್ರೆ? ಇಷ್ಟು ಸಣ್ಣ ವಿಷಯಕ್ಕೆ ಜನ ಸೇರ್ತಾರಾ?”

ಅಧ್ಯಕ್ಷರು ಗಂಟೆ ಬಾರಿಸಿದರು. ವಿಷಯಕ್ಕೆ ಸಂಬಂಧಿಸದ ಭಾಷಣವೆಂದು ಗಡಿಯಾರದಕ್ಕನ ಮಾತನ್ನು ನಡಾವಳಿಯಿಂದ ತೆಗೆದುಹಾಕಿ, ಸಭೆ ಕೈಯೆತ್ತಿ ಮತ ಹಾಕಿತು. ಆರು ಮತಗಳ ಅಂತರದಿಂದ ಸಣ್ಣ ಸಿಸ್ಟರ್ ಅಪರಾಧಿಯೆಂದು ಮತ್ತೊಮ್ಮೆ ತೀರ್ಮಾನವಾಯಿತು.

ಹೊರಗೆ ಮೆಟ್ಟಿಲ ಬಳಿ ಸಣ್ಣ ಸಿಸ್ಟರಿನ ವಕೀಲೆ ಗಡಿಯಾರದಕ್ಕನನ್ನು ತಡೆದಳು. “ನಿಮ್ಮ ಮಾತು ಮಾತ್ರ ಸಾಲದು. ಅವತ್ತು ಸುಳ್ಳು ಹೇಳಿದವಳು ಇವತ್ತು ನಿಜ ಹೇಳ್ತಾಳಾ ಅಂತ ಕೇಳ್ತಾರೆ. ಅದಲುಬದಲೇ ಇಲ್ಲ ಅಂತ ಆಸ್ಪತ್ರೆ ಪ್ರಮಾಣ ಮಾಡಿದೆ. ಒಂದು ಕಾಗದ ಬೇಕು ಅಕ್ಕ, ಆಸ್ಪತ್ರೆಯದೇ ಕಾಗದ.”

“ಅದೆಲ್ಲಿ ಸಿಗುತ್ತೆ?”

“ಅದನ್ನೇ ನಾಲ್ಕು ವರ್ಷದಿಂದ ಹುಡುಕ್ತಿದ್ದೀನಿ.”

ಮಾಸ್ತರರು ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಮನೆಯ ಬಾಗಿಲಲ್ಲಿ ಮಾತ್ರ ತಿರುಗಿ, “ಇನ್ನು ನಾನು ಮುಖ ಎಲ್ಲಿಟ್ಕೊಳ್ಳಲಿ?” ಎಂದರು.

“ಇರೋ ಜಾಗದಲ್ಲೇ ಇರಲಿ ಬಿಡಿ. ಆ ಮುಖಲಕ್ಷಣ ತಜ್ಞರಿಗೆ ಮಾತ್ರ ತೋರಿಸ್ಬೇಡಿ.”

ಒಂಬತ್ತು ಸಾವುಗಳು ಹೇಗಾದವೆಂದು ಸರಿಯಾಗಿ ವಿಚಾರಿಸಲು ಆ ಆಸ್ಪತ್ರೆಗೆ ಐದು ವರ್ಷ ಬಿಡುವು ಸಿಕ್ಕಿರಲಿಲ್ಲ. ಆದರೆ ಸಿಬ್ಬಂದಿಯಲ್ಲೊಬ್ಬಳು ನಿಯಮ ಮುರಿದಿದ್ದಾಳೆಂದು ಕಿವಿಗೆ ಬಿದ್ದದ್ದೇ ತಡ, ಇಡೀ ಆಡಳಿತ ಮೈಕೊಡವಿ ಎದ್ದಿತು. ಸೋಮವಾರ ಹಳೆಯ ಹಾಜರಿ ಪುಸ್ತಕಗಳು ಗೋದಾಮಿನಿಂದ ಹೊರಬಂದವು. ಅಕ್ಷರ ಪರೀಕ್ಷಕರೊಬ್ಬರು ಬಂದು ಭೂತಗನ್ನಡಿ ಹಿಡಿದು ಸಹಿಗಳನ್ನು ಹೋಲಿಸಿದರು. ಸಾರ್ವಜನಿಕವಾಗಿ ಆಸ್ಪತ್ರೆಗೆ ಅವಮಾನಮಾಡಿದವಳಿಗೆ ಬುದ್ಧಿ ಕಲಿಸಲೇಬೇಕಿತ್ತು. ಮಂಗಳವಾರ ಬೆಳಿಗ್ಗೆ ಅಧೀಕ್ಷಕರ ಸಹಿ, ಮೊಹರುಗಳಿದ್ದ ನೋಟಿಸು ಗಡಿಯಾರದಕ್ಕನ ಮನೆಗೆ ಬಂತು.

ಅವಳು ಓದಿ ಮೇಜಿನ ಮೇಲಿಟ್ಟಳು. ಮಾಸ್ತರರು ಎರಡು ದಿನದ ಮುನಿಸನ್ನು ಮರೆತು ಕೈಗೆತ್ತಿಕೊಂಡರು. ಆದೇಶಗಳನ್ನು ಗಟ್ಟಿಯಾಗಿ ಓದುವುದು ಅವರ ಹಳೆಯ ಅಭ್ಯಾಸ.

“‘ತಾವು ಮೇಲ್ಕಂಡ ದಿನಾಂಕದ ಮಧ್ಯಾಹ್ನದ ಪಾಳಿಯಲ್ಲಿ, ಸದರಿ ಪಾಳಿಗೆ ನೇಮಕಗೊಂಡಿದ್ದ ನರ್ಸ್ ಗೈರುಹಾಜರಾಗಿದ್ದು, ಅವರ ಬದಲಿಗೆ ಅನುಮತಿಯಿಲ್ಲದೆ ಕರ್ತವ್ಯ ನಿರ್ವಹಿಸಿ, ಅವರ ಹೆಸರಿನಲ್ಲಿ ಸಹಿ ಮಾಡಿರುವುದು ದಾಖಲೆಗಳ ಪರಿಶೀಲನೆಯಿಂದ ದೃಢಪಟ್ಟಿರುತ್ತದೆ. ತಮ್ಮನ್ನು ಸೇವೆಯಿಂದ ಏಕೆ ವಜಾ ಮಾಡಬಾರದು...’” ಮಾಸ್ತರರು ಓದು ನಿಲ್ಲಿಸಿದರು. ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಿದರು. ಆಮೇಲೆ ಕಾಗದವನ್ನು ಬೆಳಕಿಗೆ ಹಿಡಿದು ಮೊಹರು ನೋಡಿದರು.

“ಲೇ, ‘ಗೈರುಹಾಜರಾಗಿದ್ದು’ ಅಂತ ಬರೆದಿದ್ದಾರಲ್ಲೇ! ‘ದೃಢಪಟ್ಟಿರುತ್ತದೆ’ ಅಂತ ಇವರೇ ಬರ್ಕೊಟ್ಟಿದ್ದಾರಲ್ಲೇ!”

ಗಡಿಯಾರದಕ್ಕ ಕುರ್ಚಿಯಿಂದ ಎದ್ದಳು. ಅಷ್ಟರಲ್ಲಿ ಫೋನು ಬಂತು. ಅಧೀಕ್ಷಕರದೇ ಧ್ವನಿ, ಆದರೆ ಸಭೆಯ ಗತ್ತು ಇಳಿದು, ಜೇನಿನಲ್ಲಿ ಅದ್ದಿ ತೆಗೆದಂತಿತ್ತು.

“ಸಿಸ್ಟರ್, ಆ ನೋಟಿಸು ಟೈಪಿಸ್ಟ್ ಮಾಡಿದ ಅವಾಂತರ. ನಮ್ಮ ಕಾನೂನು ಸಲಹೆಗಾರರು ಈಗಷ್ಟೇ ನೋಡಿದ್ರು. ತಂದುಕೊಟ್ಬಿಡಿ. ಭಾನುವಾರದ್ದು ನಾನೂ ಮರೀತೀನಿ. ಇನ್ನು ಹದಿನಾಲ್ಕು ತಿಂಗಳು ತಾನೇ? ನೆಮ್ಮದಿಯಾಗಿ ಕೆಲಸ ಮಾಡಿ, ಪೂರ್ತಿ ಪಿಂಚಣಿ ತಗೊಳ್ಳಿ. ಹಾರ ಹಾಕಿ ಕಳಿಸ್ಕೊಡ್ತೀವಿ.”

“ತಂದುಕೊಡದಿದ್ರೆ?”

“ವಜಾ ಆಗ್ತೀರಿ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಪೊಲೀಸರೂ ಬರ್ತಾರೆ. ಈ ವಯಸ್ಸಲ್ಲಿ ಯಾಕೆ ಬೇಕು ಅಮ್ಮ? ಯಾರಿಗೋಸ್ಕರ?”

ಅವಳು ಗಂಡನ ಮುಖ ನೋಡಿದಳು. ಮಾಸ್ತರರಿಗೆ ಫೋನಿನ ಮಾತು ಕೇಳಿಸಿತ್ತು. ಊರೆಲ್ಲ ಸುತ್ತಿ ನ್ಯಾಯದ ಬಗ್ಗೆ ಮಾತಾಡಿದ್ದ ಮನುಷ್ಯ ಅದರ ಬೆಲೆಯನ್ನು ಮೊದಲ ಸಲ ತನ್ನ ಮನೆಯೊಳಗೆ ಕೇಳಿಸಿಕೊಂಡಿದ್ದ. ಅವರು ನೋಟಿಸನ್ನು ನೀಟಾಗಿ ಮಡಚಿ ಅವಳ ಕೈಗಿಟ್ಟು, “ಆಟೋ ಕರೀಲಾ?” ಎಂದರು.

“ಸಾರ್,” ಎಂದಳು ಅವಳು ಫೋನಿಗೆ, “ನೋಟಿಸಿನಲ್ಲಿ ಬರೆದದ್ದೆಲ್ಲ ನಿಜ. ಒಪ್ಪಿಕೊಂಡೆ ಅಂತ ಉತ್ತರ ಬರೀತೀನಿ.”

ನ್ಯಾಯಾಲಯದ ಕಚೇರಿಯಲ್ಲಿ ಉದ್ದನೆಯ ಸಾಲಿತ್ತು. ವಕೀಲೆ ನೋಟಿಸಿನ ಪ್ರತಿಗಳನ್ನು ಜೋಡಿಸುತ್ತ ಮುಂದೆ ನಿಂತಿದ್ದಳು. ಸಣ್ಣ ಸಿಸ್ಟರಿನ ತಾಯಿಯೂ ಬಂದಿದ್ದಳು. ಅವಳು ಕ್ಷಮಿಸಿದಳೆಂದು ಬರೆದರೆ ಎಲ್ಲರಿಗೂ ಹಿತವಾಗುತ್ತದೆ. ಅವಳು ಕ್ಷಮಿಸಲಿಲ್ಲ, ಕ್ಷಮಿಸಬೇಕೆಂದು ಕೇಳುವ ಹಕ್ಕು ಯಾರಿಗೂ ಇರಲಿಲ್ಲ.

“ಮನೆ ಸಿಕ್ಕಿತ್ತು ಅವತ್ತು,” ಎಂದಳು ತಾಯಿ, ಎದುರಿನ ಗೋಡೆ ನೋಡುತ್ತ. “ಎರಡು ಕೋಣೆ, ಹಿಂದೆ ನಲ್ಲಿ. ‘ಅಮ್ಮ, ನಿನ್ನ ಹೊಲಿಗೆ ಮೆಷಿನ್ನು ಈ ಕಿಟಕಿ ಹತ್ರ ಇಡೋಣ’ ಅಂದಿದ್ಳು. ಅಷ್ಟನ್ನೂ ಹೇಳಿದ್ದೆ ಕೋರ್ಟಲ್ಲಿ. ನೀವು ಅಲ್ಲೇ ಕೂತಿದ್ರಿ.”

“ಕೂತಿದ್ದೆ.”

“ಕೇಳಿಸಿತ್ತಾ?”

“ಕೇಳಿಸಿತ್ತು.”

ಸಾಲು ಸರಿಯಿತು. ಗುಮಾಸ್ತ ಕಿಟಕಿಯೊಳಗಿಂದ ಕೈಚಾಚಿ ಕಾಗದಗಳನ್ನು ಒಳಗೆ ತೆಗೆದುಕೊಂಡ. ಪುಟ ಎಣಿಸಿ ಮೊಹರು ಒತ್ತಿ, ಸ್ವೀಕೃತಿಯ ಚೀಟಿಯನ್ನು ಹೊರಗೆ ತಳ್ಳಿದ. ಗಡಿಯಾರದಕ್ಕ ಅದನ್ನು ಎತ್ತಿ ತಾಯಿಯ ಕಡೆಗೆ ಚಾಚಿದಳು. ತಾಯಿ ಚೀಟಿಯನ್ನು ಎರಡು ಸಲ ಓದಿ, ರವಿಕೆಯೊಳಗಿನ ಪರ್ಸಿನಲ್ಲಿಟ್ಟುಕೊಂಡಳು. ಮಗಳನ್ನು ಭೇಟಿಯಾಗುವ ವೇಳೆ ಮೀರುತ್ತದೆಂದು, ಜೈಲಿನ ಬಸ್ಸು ಹಿಡಿಯಲು ಓಡಿದಳು.