ಒಂದೇ ಹಿಡಿ ಮೈಲುತುತ್ತು

ಮಗಳು ಎರಡು ವರ್ಷದಿಂದ ಬೈದದ್ದು ಎಣ್ಣೆಯನ್ನು. ಪಾಪ, ಎಣ್ಣೆಯದೇನೂ ತಪ್ಪಿರಲಿಲ್ಲ.

ಪ್ರಯೋಗಾಲಯದಲ್ಲಿ ಅವಳು ಮಕ್ಕಳ ಹಾಗೆ ಸಾಕುತ್ತಿದ್ದದ್ದು ಒಂದು ಒಳ್ಳೆಯ ಬೂಷ್ಟನ್ನು. ಕೋಕೋ ಕಾಯಿಗಳನ್ನು ಕೊಳೆಸುವ ಕೆಟ್ಟ ಬೂಷ್ಟನ್ನು ಅದು ತಿಂದುಹಾಕುತ್ತದೆ. ಆದರೆ ಮರದ ಮೇಲೆ ಜೀವಂತ ಉಳಿಯಬೇಕಲ್ಲ! ಬಿಸಿಲಿಗೆ ಒಣಗದಿರಲೆಂದು ಎಣ್ಣೆ, ಮಳೆಗೆ ತೊಳೆದುಹೋಗದಿರಲೆಂದು ಅಂಟು ಬೆರೆಸಿ ಸಿಂಪಡಿಸುವ ದ್ರಾವಣ ಮಾಡಿದ್ದಳು. ಪರೀಕ್ಷೆ ಅಪ್ಪನ ತೋಟದಲ್ಲೇ, ಸಿಂಪಡಿಸುವವನೂ ಅಪ್ಪನೇ. ಎರಡು ಹಂಗಾಮಿನಲ್ಲೂ ಕಾಯಿಗಳ ಮೇಲೆ ಅವಳ ಬೂಷ್ಟಿನ ಸುಳಿವೇ ಇಲ್ಲ. ಎಣ್ಣೆ ಬದಲಿಸಿದಳು, ಅಂಟು ಬದಲಿಸಿದಳು. ಕೊನೆಗೆ ಮೇಲಧಿಕಾರಿ, "ಸಾಕಮ್ಮ, ಕಾರಣವಾದರೂ ಬರೆದುಕೊಡು, ಈ ತಿಂಗಳಿಗೆ ಈ ಪ್ರಯೋಗ ಮುಚ್ಚಿಬಿಡೋಣ" ಎಂದುಬಿಟ್ಟರು.

ಸಾಮಾನು ವಾಪಸು ತರಲು ತೋಟಕ್ಕೆ ಹೋದವಳು ಸ್ಪ್ರೇ ಪಂಪಿನ ಜಾಲರಿ ಬಿಚ್ಚಿದಳು. ಅಂಚಿನಲ್ಲಿ ನೀಲಿ ಹರಳು. ಮೈಲುತುತ್ತು! ಅಪ್ಪ ನಲವತ್ತು ವರ್ಷ ನಂಬಿದ ಮದ್ದು, ಒಳ್ಳೆಯದು ಕೆಟ್ಟದ್ದು ನೋಡದೆ ಬೂಷ್ಟನ್ನೆಲ್ಲ ಕೊಲ್ಲುವಂಥದ್ದು.

"ಅಪ್ಪಾ, ಇದೇನಿದು?"

ಅಪ್ಪ ಸುಮ್ಮಸುಮ್ಮನೆ ಕೆಮ್ಮಿದ. "ಪಂಪಿಗೆ ಒಂದೇ ಹಿಡಿ ಕಣೇ. ನಿನ್ನ ಔಷಧಿ ಕೈಕೊಟ್ರೆ ಆಫೀಸಲ್ಲಿ ನಿನ್ನ ಮುಖ ಸಣ್ಣಗಾಗುತ್ತಲ್ಲಾ ಅಂತ..."

ಆ ಒಂದು ಹಿಡಿ ರೋಗ ತಡೆಯಲು ಸಾಲದು, ಅವಳ ಬೂಷ್ಟನ್ನು ಕೊಲ್ಲಲು ಧಾರಾಳ ಸಾಕು. ಅವಳಿಗೆ ಮೈಯೆಲ್ಲ ಉರಿಯಿತು. ಅಪ್ಪನ ಪೆಚ್ಚು ಮೋರೆ ನೋಡಿದ್ದೇ ಉರಿ ಇಳಿದೂ ಹೋಯಿತು. ನಿಜ ಬರೆದರೆ ಕೆಲಸ ಉಳಿದೀತು, ಆದರೆ ಊರೆಲ್ಲ ಅಪ್ಪನನ್ನು ನೋಡಿ ನಗುತ್ತದೆ.

"ಹೋಗ್ಲಿ ಬಿಡಪ್ಪಾ. ಎಣ್ಣೆ ಸರಿಯಿರಲಿಲ್ಲ ಅಂತ ಬರೀತೀನಿ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವಳು ವರದಿ ಕೊಡಲು ಹೋದರೆ, ಇಸ್ತ್ರಿ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಅಪ್ಪ ಮೇಲಧಿಕಾರಿಯ ಮೇಜಿನ ಮುಂದೆ ನಿಂತಿದ್ದ. "ಸಾರ್, ಎಣ್ಣೆ ಚೆನ್ನಾಗೇ ಇತ್ತು. ಹಾಳು ಮಾಡಿದ್ದು ನಾನು. ಹಾಗಂತ್ಲೇ ಬರ್ಕೊಳ್ಳಿ."

ಅವರು ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿಸಿಕೊಂಡರು. ಇನ್ನೊಂದು ಹಂಗಾಮು ಕೊಟ್ಟರು.

ಹೊರಗೆ ಬಂದಾಗ ಅವಳು ಅಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನ ಮೇಲೆ ಅಷ್ಟು ಪ್ರೀತಿ ಉಕ್ಕಿತ್ತು.

"ಈ ಸಲ ಕೈ ಕಟ್ಕೊಂಡು ಇರ್ತೀನಿ," ಎಂದ ಅಪ್ಪ. ನಾಲ್ಕು ಹೆಜ್ಜೆ ನಡೆದು ನಿಂತ. "ಆದ್ರೆ ಮಗಳೇ, ನಿನ್ನ ಔಷಧಿ ಸೋಲ್ತಾ ಇದೆ ಅನ್ನಿಸಿದ್ರೆ?"

"ಸುಮ್ನೆ ನೋಡ್ತಾ ಇರಬೇಕಪ್ಪಾ."

"ನೀನು ನಡೆಯೋದು ಕಲೀವಾಗ್ಲೂ ನಿಮ್ಮಮ್ಮ ಇದನ್ನೇ ಹೇಳ್ತಿದ್ಲು. ಆಗ್ಲೂ ನನ್ನ ಕೈಲಾಗ್ಲಿಲ್ಲ."