ಹೂದಾನಿಯ ಕೆಳಗೆ

ಹಳೆಯ ಗ್ರಾಮಫೋನ್ ರೆಕಾರ್ಡುಗಳ ಅಂಗಡಿ. ಹಿಂದಿನ ಕೋಣೆಯಲ್ಲಿ ಕೆಟಲ್ ಕುದಿಯುತ್ತಿತ್ತು. ಅವಳು ರೆಕಾರ್ಡನ್ನು ಹೊರಗಿಟ್ಟು, ಅದರ ಖಾಲಿ ರಟ್ಟಿನ ಹೊದಿಕೆಯನ್ನು ಆವಿಗೆ ಹಿಡಿದಳು. ಹೊದಿಕೆಯ ಮೇಲೆ ಹೂದಾನಿಯ ಚಿತ್ರ. ಅದರ ಕೆಳಗೆ ಅವಳ ಅಮ್ಮ ಇದ್ದಳು.

ಹರೆಯದ ಅಮ್ಮ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಕಾಲು ಚಾಚಿ ನಗುತ್ತಿರುವ ಚಿತ್ರವಂತೆ. ನ್ಯಾಯಾಲಯಕ್ಕೆ ಅವಮಾನವೆಂದು ದೊಡ್ಡ ರಂಪವಾಗಿ, ರೆಕಾರ್ಡು ಕಂಪನಿ ಎಲ್ಲ ಹೊದಿಕೆಗಳನ್ನೂ ವಾಪಸು ತರಿಸಿ ಮೇಲೆ ಹೂದಾನಿ ಅಂಟಿಸಿ ಮಾರಿತ್ತು. ಆಮೇಲೆ ಅಮ್ಮ ಯಾವ ಕ್ಯಾಮೆರಾದ ಮುಂದೆಯೂ ನಿಲ್ಲಲಿಲ್ಲ. ಹೋದ ತಿಂಗಳು ತೀರಿಕೊಂಡಾಗ ಮನೆಯಲ್ಲಿ ಹುಡುಕಿದರೂ ಒಂದೂ ಫೋಟೊ ಸಿಗಲಿಲ್ಲ. ಮಗಳ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

"ಆಯ್ತೇನೇ?" ಅಂಗಡಿಯ ಯಜಮಾನ, ಅವಳ ಸೋದರಮಾವ, ಇಣುಕಿದ. "ಸಾಹೇಬ್ರು ಆಗ್ಲೇ ಬಂದು ಕೂತಿದಾರೆ."

ಸಾಹೇಬರೆಂದರೆ, ಹೀಗೆ ವಾಪಸಾದ ಹೊದಿಕೆಗಳನ್ನೇ ಹುಡುಕಿ ಕೂಡಿಡುವ ಗಿರಾಕಿ.

"ಮಾವ, ಇದನ್ನ ನಾವೇ ಇಟ್ಕೊಳ್ಳೋಣ್ವಾ?"

"ಇಟ್ಕೊಂಡು? ಗೋಡೆಗೆ ಹಾಕಿ ದಿನಾ ಅವಳ ಜೊತೆ ಜಗಳ ಆಡ್ತೀಯಾ? ನಮ್ಮಕ್ಕಂಗೇ ಬೇಡವಾಗಿತ್ತು ಅದು. ಮಾತು ಕೊಟ್ಟಾಗಿದೆ. ನಿಧಾನವಾಗಿ ಬಿಡಿಸು, ಮಾರಾಯ್ತಿ."

ನಿಧಾನವಾಗಿ ಆವಿ ಕೊಟ್ಟರೆ ಅಂಟು ಸಡಿಲಾಗಿ ಮೇಲಿನ ಹಾಳೆಯಷ್ಟೇ ಬರುತ್ತದೆ. ಅಂಟು ಆರಿದ ಮೇಲೆ ಎಳೆದರೆ ಕೆಳಗಿನ ಬಣ್ಣವೂ ಹಾಳೆಯ ಬೆನ್ನಿಗೆ ಹತ್ತಿ ಕಿತ್ತುಬರುತ್ತದೆ. ಇದನ್ನು ಅವಳಿಗೆ ಕಲಿಸಿದವನು ಮಾವನೇ.

ಮೊದಲು ಒಂದು ಬೂಟು ಕಂಡಿತು. ಆಮೇಲೆ ಮೇಜಿನ ಅಂಚು, ಮೊಣಕಾಲು, ಕುತ್ತಿಗೆ. ಅಲ್ಲಿಗೆ ಬಂದಾಗ ಅವಳು ಕೆಟಲ್ ಆರಿಸಿದಳು. ಅಂಟು ಬಿಗಿಯುವವರೆಗೆ ಸುಮ್ಮನೆ ಕೂತಳು. ಆಮೇಲೆ ಒಂದೇ ಸಲಕ್ಕೆ ಎಳೆದಳು.

"ಅಯ್ಯೋ, ಮುಖಾನೇ ಇಲ್ವಲ್ರೀ!" ಸಾಹೇಬರು ಹೊದಿಕೆಯನ್ನು ಬೆಳಕಿಗೆ ಹಿಡಿದರು. "ಕುರ್ಚಿ ನೋಡೋಕೆ ನಾನು ಅಷ್ಟು ದೂರದಿಂದ ಬಂದ್ನಾ?"

"ನಿನ್ನ ಕೈಗೇನಾಗಿತ್ತೇ?" ಎಂದ ಮಾವ.

"ಅವಸರ ಆಯ್ತು, ಮಾವ."

ಮಾವ ಒಳಗೆ ಹೋಗಿ ಕೆಟಲ್ ಮುಟ್ಟಿ ನೋಡಿದ. ತಣ್ಣಗಿತ್ತು. ಅವಳ ಮುಖವನ್ನೊಮ್ಮೆ ನೋಡಿದ. ಹೊರಗೆ ಬಂದು, "ಬನ್ನಿ ಸ್ವಾಮಿ, ಬೇರೆ ತೋರಿಸ್ತೀನಿ" ಎಂದ.

ಅವಳು ಹೂದಾನಿಯ ಹಾಳೆಯನ್ನು ಮಗುಚಿದಳು. ಮಸುಕಾಗಿ, ಅಲ್ಲಲ್ಲಿ ಹರಿದು, ಅಮ್ಮ ನಗುತ್ತಿದ್ದಳು. ಎಡಗೆನ್ನೆಯ ಮಚ್ಚೆ ಬಲಕ್ಕೆ ಬಂದಿತ್ತು. ತನ್ನೊಳಗೆ ಏನಾದರೂ ಅಲುಗಬಹುದೆಂದು ಕಾದಳು. ಏನೂ ಅಲುಗಲಿಲ್ಲ. ಹಾಳೆ ಒಣಗಬೇಕಿತ್ತು. ಎರಡು ರಟ್ಟುಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ, ಕೆಟಲಿಗೆ ನೀರು ತುಂಬಿಸಲು ಎದ್ದಳು.